ಕಚೇರಿಯ ಸರ್ವರ್ ಬದಲಿಸುವಾಗ ದಿನದ ಕೆಲಸ ಕೆಡದಂತೆ ನೋಡಿಕೊಳ್ಳುವುದು ಹೇಗೆ?

ಕಚೇರಿಯ ಕಂಪ್ಯೂಟರುಗಳಿಗೆಲ್ಲ ಕಡತ, ಇಮೇಲಿನಂಥ ಸೇವೆ ಒದಗಿಸುವ ಸರ್ವರುಗಳಲ್ಲಿ ಒಂದು ಕೆಲಸಕ್ಕೆ ಒಂದು ಯಂತ್ರ ಎಂಬ ವ್ಯವಸ್ಥೆ ಬಹಳ ಕಾಲ ನಡೆಯಿತು. 2001ರಲ್ಲಿ ವಿಎಂವೇರ್ ಕಂಪನಿ ತನ್ನ ಇಎಸ್ಎಕ್ಸ್ ತಂತ್ರಾಂಶವನ್ನು ಬಿಡುಗಡೆ ಮಾಡಿದ ಮೇಲೆ ಒಂದೇ ಯಂತ್ರದೊಳಗೆ ಹಲವು ವರ್ಚುವಲ್, ಅಂದರೆ ತಂತ್ರಾಂಶದಿಂದಲೇ ರೂಪಿಸಿದ, ಸರ್ವರ್‌ಗಳನ್ನು ನಡೆಸುವುದು ಕಚೇರಿಗಳಲ್ಲಿ ರೂಢಿಗೆ ಬರತೊಡಗಿತು. 2006ರಲ್ಲಿ ಅಮೆಜಾನ್ ಇಸಿ2 ಸೇವೆ ಆರಂಭವಾದಾಗ ಸರ್ವರನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಪಡೆಯುವುದೂ ಸಾಧ್ಯವಾಯಿತು. ಹೀಗೆ ಹಳೆಯ ಸರ್ವರಿನಿಂದ ಹೊಸದಕ್ಕೆ ಹೋಗುವ ಕಚೇರಿಗಳು ಸಾಮಾನ್ಯವಾಗಿ ಯಂತ್ರದ ಸಾಮರ್ಥ್ಯ ಮತ್ತು ಖರ್ಚನ್ನು ಮಾತ್ರ ಲೆಕ್ಕ ಹಾಕುತ್ತವೆ. ಆದರೆ ಮೊದಲು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದದ್ದು ಯಾರ ಯಾವ ಕೆಲಸ ಆ ಸರ್ವರನ್ನು ನೆಚ್ಚಿಕೊಂಡಿದೆ ಎಂಬುದನ್ನು.

ಆದ್ದರಿಂದ ಪ್ರತಿ ವಿಭಾಗದಲ್ಲೂ ಸಿಬ್ಬಂದಿಯ ಪಕ್ಕದಲ್ಲಿ ಕುಳಿತು ಅವರು ಕೆಲಸ ಮಾಡುವುದನ್ನು ನೋಡಿ ಬರೆದುಕೊಳ್ಳಿ. ಸ್ಕ್ಯಾನರ್ ತಾನು ತೆಗೆದ ಪ್ರತಿಯನ್ನು ಸರ್ವರಿನ ಒಂದು ಫೋಲ್ಡರಿಗೆ ಕಳುಹಿಸುತ್ತಿರುತ್ತದೆ, ಆ ಸರ್ವರಿನ ಐಪಿ ವಿಳಾಸವನ್ನು (ಜಾಲದಲ್ಲಿ ಯಂತ್ರವನ್ನು ಗುರುತಿಸುವ ಅಂಕಿಗಳನ್ನು) ಯಾರೋ ಎಂದೋ ಸ್ಕ್ಯಾನರಿನ ಪುಟ್ಟ ಪರದೆಯಲ್ಲಿ ಕೈಯಿಂದ ಒತ್ತಿ ಸೇರಿಸಿರುತ್ತಾರೆ. ಲೆಕ್ಕಪತ್ರ ವಿಭಾಗದ ಎಕ್ಸೆಲ್ ಹಾಳೆ ಮತ್ತೊಂದು ಹಾಳೆಯಿಂದ ಅಂಕಿಗಳನ್ನು ಎಳೆದುಕೊಳ್ಳುತ್ತಿರುತ್ತದೆ, ಅದರೊಳಗೆ ಹಳೆಯ ಸರ್ವರಿನ ಹೆಸರೇ ಇರುತ್ತದೆ. ರಾತ್ರಿ ತಾನಾಗಿ ನಡೆಯುವ ವರದಿಯಂತೂ ನಿಂತುಹೋಗುವವರೆಗೆ ಯಾರ ನೆನಪಿಗೂ ಬರುವುದಿಲ್ಲ. ಯಂತ್ರಗಳ ದಾಸ್ತಾನು ಪಟ್ಟಿಯಲ್ಲಿ ಇವು ಯಾವುವೂ ಸಿಗುವುದಿಲ್ಲ, ಮತ್ತು ಬದಲಾವಣೆಯ ಮರುದಿನ ಬರುವ ದೂರುಗಳಲ್ಲಿ ಹೆಚ್ಚಿನವು ಇವುಗಳದ್ದೇ ಆಗಿರುತ್ತವೆ.

ಇಂಥ ಕಡೆಗಳಲ್ಲೆಲ್ಲ ಅಂಕಿಯ ವಿಳಾಸವನ್ನು ತೆಗೆದು ಡಿಎನ್ಎಸ್ ಹೆಸರನ್ನು, ಅಂದರೆ ಜಾಲವೇ ಐಪಿ ವಿಳಾಸಕ್ಕೆ ಹೊಂದಿಸಿಕೊಳ್ಳುವ ಹೆಸರನ್ನು, ಕೊಡಿ. ಮುಂದೆ ಸರ್ವರ್ ಬದಲಾದರೂ ಆ ಹೆಸರು ಎಲ್ಲಿಗೆ ತೋರಿಸಬೇಕು ಎಂಬುದನ್ನು ಒಂದೇ ಕಡೆ ತಿದ್ದಿದರೆ ಸಾಕಾಗುತ್ತದೆ. ಆ ಹೆಸರಿನ ಡಿಎನ್ಎಸ್ ದಾಖಲೆಯ ಟಿಟಿಎಲ್ ಅವಧಿ (ಕಂಪ್ಯೂಟರುಗಳು ವಿಳಾಸವನ್ನು ಮತ್ತೆ ಕೇಳದೆ ನೆನಪಿಟ್ಟುಕೊಳ್ಳುವ ಕಾಲ) 86,400 ಸೆಕೆಂಡು, ಅಂದರೆ ಒಂದು ದಿನ, ಎಂದಿದ್ದರೆ ಬದಲಾವಣೆಗೆ ಒಂದು ದಿನಕ್ಕಿಂತ ಮೊದಲೇ ಅದನ್ನು 300 ಸೆಕೆಂಡಿಗೆ ಇಳಿಸಿಡಿ. ಇಲ್ಲವಾದರೆ ಕೆಲವು ಕಂಪ್ಯೂಟರುಗಳು ಮರುದಿನವೂ ಹಳೆಯ ವಿಳಾಸವನ್ನೇ ಹುಡುಕುತ್ತಿರುತ್ತವೆ.

ಬ್ಯಾಕಪ್ ವಿಷಯದಲ್ಲಿ ಅವಸರ ಖಂಡಿತ ಕೂಡದು. ದತ್ತಾಂಶದ ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಕಚೇರಿಯ ಹೊರಗೆ ಎಂಬ ನಿಯಮವನ್ನು ಪಾಲಿಸಿ. ರೇಡ್ ಜೋಡಣೆ (ಒಂದು ಡಿಸ್ಕ್ ಕೆಟ್ಟರೂ ದತ್ತಾಂಶ ಉಳಿಯುವಂತೆ ಹಲವು ಡಿಸ್ಕುಗಳನ್ನು ಸೇರಿಸಿದ ವ್ಯವಸ್ಥೆ) ಇರುವುದರಿಂದ ಬ್ಯಾಕಪ್ ಬೇಡ ಎಂಬ ವಾದವನ್ನು ಒಪ್ಪಬೇಡಿ, ಏಕೆಂದರೆ ಅದು ಡಿಸ್ಕ್ ಕೆಟ್ಟಾಗ ಕಾಯುತ್ತದೆಯೇ ಹೊರತು ಯಾರಾದರೂ ಕಡತವನ್ನು ಅಳಿಸಿದಾಗ ಕಾಯುವುದಿಲ್ಲ. ಅಳಿಸಿದ್ದು ಎಲ್ಲ ಡಿಸ್ಕುಗಳಿಂದಲೂ ಅಳಿಯುತ್ತದೆ. ಬ್ಯಾಕಪ್ ಆಯಿತು ಎಂಬ ಸಂದೇಶವನ್ನು ನಂಬಿ ಸುಮ್ಮನಾಗದೆ, ಒಂದು ಇಡೀ ಫೋಲ್ಡರನ್ನು ಬೇರೆ ಯಂತ್ರಕ್ಕೆ ಮರಳಿ ಇಳಿಸಿ, ಅದನ್ನು ದಿನವೂ ಬಳಸುವವರಿಂದಲೇ ತೆರೆಸಿ ನೋಡಿ.

ಎಲ್ಲವನ್ನೂ ಕ್ಲೌಡಿಗೆ, ಅಂದರೆ ಇಂಟರ್ನೆಟ್ ಮೂಲಕ ಬಾಡಿಗೆಗೆ ಬಳಸುವ ಹೊರಗಿನ ಸರ್ವರುಗಳಿಗೆ, ಕಳುಹಿಸಲೇಬೇಕೆಂದಿಲ್ಲ. ಇಮೇಲ್ ಮತ್ತು ಸಾಮಾನ್ಯ ದಾಖಲೆಗಳು ಅಲ್ಲಿ ಚೆನ್ನಾಗಿಯೇ ನಡೆಯುತ್ತವೆ, ಆದರೆ ಭಾರಿ ವಿಡಿಯೊ ಅಥವಾ ನಕ್ಷೆಯ ಕಡತಗಳನ್ನು ದಿನವಿಡೀ ತಿದ್ದುವವರಿಗೆ ಕಚೇರಿಯೊಳಗಿನ ಸರ್ವರೇ ಮೇಲು ಎಂಬುದು ನನ್ನ ಅಭಿಪ್ರಾಯ. ಸೆಕೆಂಡಿಗೆ 20 ಮೆಗಾಬಿಟ್ ಅಪ್‌ಲೋಡ್ ವೇಗದಲ್ಲಿ 100 ಗಿಗಾಬೈಟ್ ಕಳುಹಿಸಲು 11 ಗಂಟೆಗೂ ಹೆಚ್ಚು ಬೇಕು. ಶೇಕಡಾ 99.9ರಷ್ಟು ಲಭ್ಯತೆಯ ಭರವಸೆ ಎಂದರೂ ವರ್ಷಕ್ಕೆ ಸುಮಾರು ಎಂಟೂಮುಕ್ಕಾಲು ಗಂಟೆ ಸೇವೆ ನಿಲ್ಲಲು ಅವಕಾಶವಿದೆ ಎಂದರ್ಥ. ಜೊತೆಗೆ, ನಿಮ್ಮ ಸಂಪರ್ಕ ಕಡಿದರೂ ಕ್ಲೌಡ್ ಕೈಗೆ ಸಿಗುವಂತೆ ಬೇರೆ ಕಂಪನಿಯಿಂದ ಇನ್ನೊಂದು ಇಂಟರ್ನೆಟ್ ಸಂಪರ್ಕವನ್ನೂ ಪಡೆದಿಟ್ಟುಕೊಳ್ಳಿ.

ಬದಲಾವಣೆಗೆ ತಿಂಗಳ ಕೊನೆಯ ದಿನಗಳನ್ನು ಆರಿಸಬೇಡಿ. ಕೆಲಸ ಬಿಟ್ಟು ಹೋದವರ ಖಾತೆಗಳನ್ನು ಹೊಸ ಸರ್ವರಿಗೆ ಸಾಗಿಸದೆ ಅಲ್ಲಿಗೇ ಮುಚ್ಚಿ, ಉಳಿದವರಿಗೆ ಎರಡು ಹಂತದ ಲಾಗಿನ್ ಕಡ್ಡಾಯ ಮಾಡಿ, ಅದನ್ನು ಬಳಸುವ ಬಗೆಯನ್ನು ಒಂದು ವಾರ ಮೊದಲೇ ಕಲಿಸಿ. ಇದುವರೆಗೆ ಯಂತ್ರ ರಿಪೇರಿ ಮಾಡುತ್ತಿದ್ದವರ ಕೆಲಸ ಇನ್ನು ಮುಂದೆ ಪ್ರವೇಶದ ಅನುಮತಿ ಮತ್ತು ತಿಂಗಳ ಬಿಲ್ ಪರಿಶೀಲನೆಯ ಕಡೆಗೆ ವಾಲುವುದರಿಂದ ಅವರಿಗೂ ತರಬೇತಿಯ ಸಮಯ ಕೊಡುವುದು ನ್ಯಾಯ. ಹಳೆಯ ಸರ್ವರನ್ನು ಕೂಡಲೇ ಬಂದ್ ಮಾಡದೆ, ಓದಲು ಮಾತ್ರ ಅನುಮತಿಯಿರುವಂತೆ ಮಾಡಿ, ಕನಿಷ್ಠ ಒಂದು ತ್ರೈಮಾಸಿಕ ಲೆಕ್ಕ ಮುಗಿಯುವವರೆಗೆ ಇಟ್ಟುಕೊಳ್ಳಿ. ಆಮೇಲೆ ಡಿಸ್ಕುಗಳಲ್ಲಿರುವುದನ್ನು ಮರಳಿ ಪಡೆಯಲಾಗದಂತೆ ಅಳಿಸಿಯೇ ವಿಲೇವಾರಿ ಮಾಡಿ.