ಮಿಂಚುಳ್ಳಿ ಹಿಡಿಯ ಕೊಕ್ಕು ಮುರಿಯದಂತೆ ಕೆತ್ತಿದ ಬಗೆ: ನನ್ನ ಅನುಭವ

ಮಲೇಷ್ಯಾದ ಕೆಲಂತಾನ್ ಮತ್ತು ದಕ್ಷಿಣ ಥಾಯ್ಲೆಂಡಿನ ಪಟ್ಟಾನಿ ಸೀಮೆಯ ತಾಜೊಂಗ್ ಬಗೆಯ ಕೆರಿಸ್ ಎಂಬ ಕಠಾರಿಗೆ ಕೂರಿಸುವ ಪೆಕಾಕಾ ಹಿಡಿಯನ್ನು, ಅಂದರೆ ಮಿಂಚುಳ್ಳಿಯಂತೆ ಉದ್ದ ಕೊಕ್ಕು ಚಾಚಿದ ಹಿಡಿಯನ್ನು, ಕೆಮುನಿಂಗ್ ಮರದ ಬುಡ ಮತ್ತು ಬೇರು ಕೂಡುವ ಬಾಗಿನಿಂದಲೇ ತೆಗೆಯಬಹುದೆಂದು ನಾನು ಹೇಳಿದಾಗ ಯಾರೂ ಒಪ್ಪಲಿಲ್ಲ. ಬೇರಿನ ಕಡೆಯ ಮರ ಒಣಗುವಾಗ ಸೀಳಿಯೇ ತೀರುತ್ತದೆ ಎಂದು ಕೆಲಂತಾನಿನ ರಾಜಧಾನಿ ಕೋಟಾ ಬಾರುವಿನ ಕೆಲಸಗಾರರೂ ಹೇಳಿದರು, ಊರಿನಲ್ಲಿ ಶ್ರೀಗಂಧ ಕೆತ್ತುವ ನನ್ನ ಹಿರಿಯರೂ ಹೇಳಿದರು. ಹಾಗೆ ಮಾಡಿದ ಹಿಡಿಗಳು ಈಶಾನ್ಯ ಮಾರುತದ ಮಳೆಯನ್ನೂ ಅದರ ಹಿಂದಿನ ಬಿಸಿಲನ್ನೂ ದಾಟಿ ಬಿರುಕಿಲ್ಲದೆ ನಿಂತಿರುವುದರಿಂದ ಇದನ್ನು ಧೈರ್ಯವಾಗಿ ಬರೆಯುತ್ತಿದ್ದೇನೆ.

ನೇರ ದಿಮ್ಮಿಯಲ್ಲಿ ಮರದ ಎಳೆಯು ಹಿಡಿಯ ಉದ್ದಕ್ಕೆ ಸಾಗುತ್ತದೆ. ಕೊಕ್ಕು ಮಾತ್ರ ಅಡ್ಡಕ್ಕೆ ಚಾಚುವುದರಿಂದ ಅಲ್ಲಿ ಎಳೆ ತುಂಡುತುಂಡಾಗಿ ನಿಲ್ಲುತ್ತದೆ. ಹೆಬ್ಬೆರಳಿಗಿಂತ ಉದ್ದದ ಆ ಕೊಕ್ಕನ್ನು ತೆಳುವಾಗಿಸಿ, ಅದರ ಮೇಲೆ ಆವಾನ್ ಲಾರಾತ್ ಎಂಬ ಹರಿಯುವ ಬಳ್ಳಿಯ ವಿನ್ಯಾಸವನ್ನು ಬಿಡಿಸುವ ಹೊತ್ತಿಗೆ, ಉಳಿಯ ಸಣ್ಣ ಒತ್ತಡಕ್ಕೇ ಅದು ಬುಡದಿಂದ ಹಾರಿಹೋಗುತ್ತಿತ್ತು. ಒಳ್ಳೆಯ ಹಳದಿ ಚೇಗಿರುವ ಒಂದು ತುಂಡಿಗೆ ಆಗ ಸುಮಾರು ನೂರಿಪ್ಪತ್ತು ರಿಂಗಿಟ್ ಕೊಡಬೇಕಾಗಿತ್ತು, ಮತ್ತು ಒಂದು ಹಿಡಿ ಮುರಿದರೆ ಮರದ ಬೆಲೆಯ ಜೊತೆಗೆ ಒಂದು ವಾರದ ಕೂಲಿಯೂ ಹೋಗುತ್ತಿತ್ತು. ಮೊದಲ ವರ್ಷ ಹೀಗೆ ಕಳೆದುಕೊಂಡದ್ದು ಎರಡು ಸಾವಿರ ರಿಂಗಿಟಿಗಿಂತ ಕಡಿಮೆಯಿರಲಾರದು. ಮುರಿದ ಕೊಕ್ಕನ್ನು ಅಂಟಿಸಿ ಮಾರುವವರಿದ್ದಾರೆ. ನಾನು ಒಂದನ್ನೂ ಹಾಗೆ ಮಾರಿಲ್ಲ.

ಕೊಡಗಿನ ಪೀಚೆಕತ್ತಿಯ ಗಿಳಿಮೂತಿಯ ಹಿಡಿಯಲ್ಲಿ ಈ ತೊಂದರೆಯಿಲ್ಲ, ಏಕೆಂದರೆ ಅಲ್ಲಿ ಕೊಕ್ಕು ಗಿಡ್ಡವಾಗಿದ್ದು ಒಳಕ್ಕೆ ಮಡಚಿಕೊಂಡಿರುತ್ತದೆ. ಪೆಕಾಕಾದ ಕೊಕ್ಕಿಗೆ ಅಂಥ ಆಸರೆಯಿಲ್ಲದಿರುವುದರಿಂದ ಮರದ ಎಳೆಯೇ ತಲೆಯ ಬಳಿ ತಿರುಗಿ ಕೊಕ್ಕಿನ ತುದಿಯವರೆಗೆ ಹೋಗಬೇಕು, ಮತ್ತು ಅಂಥ ಎಳೆ ಸಿಗುವುದು ಬೇರು ಹೊರಳುವ ಜಾಗದಲ್ಲಿ. ಕೆಮುನಿಂಗ್ ನಮ್ಮ ಕರಿಬೇವಿನ ಹತ್ತಿರದ ಬಂಧು. ನಿಧಾನವಾಗಿ ಬೆಳೆಯುವ, ಗಟ್ಟಿಯಾದ, ಒತ್ತಾದ ಎಳೆಯ ಮರ. ಅದರ ಬುಡವನ್ನು ಹಲವರು ಸೌದೆಗೆ ಹಾಕುತ್ತಾರಾದ್ದರಿಂದ ನನಗೆ ಒಂದು ಚೀಲ ತುಂಡುಗಳು ಮೂವತ್ತು ನಲವತ್ತು ರಿಂಗಿಟಿಗೇ ದೊರೆತವು.

ಮರ ಪೂರ್ತಿ ಒಣಗುವುದಕ್ಕೆ ನಾನು ಕಾಯುವುದಿಲ್ಲ. ಅರೆಹಸಿಯಿರುವಾಗಲೇ ಚೌಕಾಕಾರಕ್ಕೆ ತಂದು, ಆಕಾರ ಬಿಡಿಸುವುದಕ್ಕೆ ಮೊದಲೇ ಪುತಿಂಗ್, ಅಂದರೆ ಅಲಗಿನ ಬುಡದ ಕಡ್ಡಿ, ಕೂರುವ ತೂತನ್ನು ಬೈರಿಗೆಯಿಂದ ಕೊರೆಯುತ್ತೇನೆ. ಇದರಿಂದ ತೂತು ನೇರವಾಗಿ ಬರುವುದಷ್ಟೇ ಅಲ್ಲದೆ, ತಿರುಳಿನ ಕಡೆಯ ತೇವಕ್ಕೆ ಹೊರಬರುವ ದಾರಿಯೂ ಸಿಗುತ್ತದೆ. ಆಮೇಲೆ ತಲೆ ಮತ್ತು ಕೊಕ್ಕನ್ನು ಕಿರುಬೆರಳಿನ ದಪ್ಪದಷ್ಟು ಹೆಚ್ಚುವರಿ ಮರ ಬಿಟ್ಟು ಒರಟಾಗಿ ಕಡಿದು, ಎಳೆ ಕತ್ತರಿಸಿದ ಮುಖಗಳಿಗೆಲ್ಲ ಮೇಣ ಬಳಿದು, ಭತ್ತದ ಹೊಟ್ಟಿನ ಚೀಲದೊಳಗೆ ಹೂತಿಡುತ್ತೇನೆ. ಮೇಣಕ್ಕೆ ಬೆರೆಸುವ ಇನ್ನೊಂದು ಪದಾರ್ಥವನ್ನೂ ಚೀಲವನ್ನು ಯಾವ ಹೊತ್ತಿನಲ್ಲಿ ತೆರೆಯಬೇಕೆಂಬುದನ್ನೂ ನನ್ನಲ್ಲಿಯೇ ಇಟ್ಟುಕೊಳ್ಳುತ್ತೇನೆ, ಏಕೆಂದರೆ ನನ್ನ ಹೊಟ್ಟೆಪಾಡು ಅದರ ಮೇಲೆ ನಿಂತಿದೆ. ಮೊದಲು ಹತ್ತರಲ್ಲಿ ಆರೇಳು ಸೀಳುತ್ತಿದ್ದವು, ಈಗ ಒಂದು ಹೋದರೆ ಹೆಚ್ಚು.

ಹೆಸರು ಮಿಂಚುಳ್ಳಿಯದಾದರೂ, ಕೋರೆಹಲ್ಲು ಮತ್ತು ಉಬ್ಬುಗಣ್ಣುಗಳನ್ನು ನೋಡಿದ ಹಲವು ವಿದ್ವಾಂಸರು ಇದರ ಹಿಂದೆ ವಯಾಂಗ್ ಬೊಂಬೆಯಾಟದ ಉದ್ದಮೂಗಿನ ಮುಖವನ್ನು ಕಾಣುತ್ತಾರೆ. ಕೆತ್ತುವವನಿಗೆ ಇದು ಮುಖ್ಯ: ಕೊಕ್ಕೆಂದು ತಿಳಿದು ಬಾಯಿಂದ ಆರಂಭಿಸಿದರೆ ಕೋರೆಗೆ ಜಾಗ ಉಳಿಯುವುದಿಲ್ಲ, ಮೂಗೆಂದು ತಿಳಿದು ಹುಬ್ಬಿನಿಂದ ಇಳಿಸಿದರೆ ಮುಖ ತಾನಾಗಿ ಕೂಡಿಬರುತ್ತದೆ. ಕೆಲಂತಾನಿನ ನಿಕ್ ರಶೀದಿನ್ ನಿಕ್ ಹುಸೇನ್ ಅವರ ಕೆತ್ತನೆಯ ಚಿತ್ರಗಳಲ್ಲಿ ಬಳ್ಳಿಯ ಸಾಲು ಎಲ್ಲಿಯೂ ತುಂಡಾಗದೆ ಹರಿಯುವುದನ್ನು ನಾನು ಗಂಟೆಗಟ್ಟಲೆ ನೋಡಿದ್ದೇನೆ.

ನಡುವೆ ಎಮ್ಮೆಯ ಕೊಂಬನ್ನು ಬಿಸಿ ಎಣ್ಣೆಯಲ್ಲಿ ಮೆತ್ತಗಾಗಿಸಿ ಕೊಕ್ಕು ಬಾಗಿಸಿ ನೋಡಿದೆ. ಕೆಲವೇ ತಿಂಗಳಲ್ಲಿ ಪದರಗಳು ಬಿಟ್ಟುಕೊಂಡವು. ನುಣುಪಿಗೆ ಇಲ್ಲಿಯವರು ಮೆಂಪೆಲಾಸ್ ಎಲೆಯಿಂದ ಉಜ್ಜುತ್ತಾರೆ. ಊರಿನಿಂದ ತಂದ ಗರಗತ್ತಿ ಎಲೆಯನ್ನು ಅದರ ಜೊತೆ ಹೋಲಿಸಿದಾಗ, ಗರಗತ್ತಿ ಬೇಗ ಕೊರೆಯುತ್ತದೆ, ಮೆಂಪೆಲಾಸ್ ಹೆಚ್ಚು ಹೊಳಪು ಕೊಡುತ್ತದೆ ಎಂದು ಕಂಡಿತು. ಮರಳುಕಾಗದ ಬಳ್ಳಿಯ ಏಣುಗಳನ್ನು ತಿಂದುಹಾಕುವುದರಿಂದ ಅದನ್ನು ಹಿಡಿಯ ಹತ್ತಿರಕ್ಕೂ ತರುವುದಿಲ್ಲ. ಕೊನೆಗೆ ಬುವಾ ಕೆರಾಸ್ ಎಂಬ ಎಣ್ಣೆಬೀಜವನ್ನು ಜಜ್ಜಿ ಬಟ್ಟೆಯಲ್ಲಿ ಕಟ್ಟಿ ಉಜ್ಜಿದರೆ ಹಳದಿಯೊಳಗಿನ ಅಲೆ ಎದ್ದು ಬರುತ್ತದೆ.

ಇಂಥ ಹಿಡಿಗೆ ಈಗ ಎಂಟುನೂರರಿಂದ ಸಾವಿರದ ಇನ್ನೂರು ರಿಂಗಿಟ್‌ವರೆಗೆ ಕೇಳುತ್ತೇನೆ, ಸಿಗುತ್ತದೆ ಕೂಡ. ಕೂರಿಸುವಾಗ ಹಿಡಿಯ ಬುಡಕ್ಕೆ ಪೆಂಡೊಕೊಕ್ ಎಂಬ ಲೋಹದ ಬಟ್ಟಲನ್ನು ತೊಡಿಸಿ, ಪುತಿಂಗಿಗೆ ನೂಲು ಸುತ್ತಿ, ಅರಗಿನಿಂದಲೇ ಭದ್ರಪಡಿಸುತ್ತೇನೆ. ಎಪಾಕ್ಸಿ ಹಾಕಿಕೊಡಿ ಎಂದು ಕೇಳುವ ಗ್ರಾಹಕರಿಗೆ ಒಪ್ಪುವುದಿಲ್ಲ, ಏಕೆಂದರೆ ಅಲಗನ್ನು ನಿಂಬೆರಸದಲ್ಲಿ ತೊಳೆಯುವ ದಿನ ಹಿಡಿಯನ್ನು ಬಿಡಿಸಬೇಕಾಗುತ್ತದೆ. ಅರಗಾದರೆ ಅಲಗಿನ ಬುಡವನ್ನು ಸ್ವಲ್ಪ ಬೆಚ್ಚಗೆ ಮಾಡಿದರೆ ಸಾಕು, ಕೊಕ್ಕಿಗೆ ಕೈಯನ್ನೇ ತಾಗಿಸದೆ ಹಿಡಿ ಕಳಚಿ ಬರುತ್ತದೆ.