ಪ್ರೀತಿಗೊಂದು ದನಿ, ಬಂಡಾಯಕ್ಕೊಂದು ದನಿ ಬೇಡ

ಕವಿತೆ ವಾಚನ ಮಾಡುವವರಿಗೆ ಒಂದು ರೂಢಿ ಇರುತ್ತದೆ. ಪ್ರೀತಿಯ ಸಾಲು ಬಂದರೆ ದನಿ ಮೆತ್ತಗಾಗುತ್ತದೆ, ಬಂಡಾಯದ ಸಾಲು ಬಂದರೆ ಏರುತ್ತದೆ. ಇರಾನಿನ ಫರೂಗ್ ಫರ್ರೊಖ್‌ಜಾದ್ ಕವಿತೆಗಳನ್ನು ಕನ್ನಡ ಮಾಡಿಕೊಂಡು ಸಭೆಗಳಲ್ಲಿ ಓದಲು ಶುರು ಮಾಡಿದಾಗ ನಾನು ಮೊದಲು ಬಿಟ್ಟಿದ್ದು ಈ ರೂಢಿಯನ್ನೇ. ಅವಳಲ್ಲಿ ಪ್ರೀತಿ ಮಾಡುವುದೇ ಬಂಡಾಯ. ಎರಡಕ್ಕೂ ಬೇರೆ ಬೇರೆ ದನಿ ಕೊಟ್ಟರೆ ಕವಿತೆ ನಡುವೆ ಸೀಳಿಹೋಗುತ್ತದೆ.

ನನ್ನ ಫಾರ್ಸಿ ಅಷ್ಟಕ್ಕಷ್ಟೇ. ಲಿಪಿ ಕಲಿತೆ, ನಿಘಂಟು ಪಕ್ಕದಲ್ಲಿಟ್ಟುಕೊಂಡೆ, ಇಂಗ್ಲಿಷಿನ ಎರಡು ಮೂರು ಅನುವಾದಗಳನ್ನು ಒಟ್ಟಿಗೆ ಓದಿದೆ. ಆದರೆ ಇದಕ್ಕಿಂತ ಜಾಸ್ತಿ ಕಲಿಸಿದ್ದು ಅವಳದೇ ದನಿ. ಫರೂಗ್ ತನ್ನ ಕವಿತೆ ಓದಿರುವ ಧ್ವನಿಮುದ್ರಣಗಳು ಉಳಿದಿವೆ. ಏರಿಳಿತ ಕಡಿಮೆ. ಅವಸರ ಇಲ್ಲ. ಎದುರಿಗೆ ಕೂತವರಿಗೆ ಏನೋ ಹೇಳುತ್ತಿರುವ ಹಾಗೆ ಓದುತ್ತಾಳೆ. ಅರ್ಥ ಆಗದ ಕಡೆಯೂ ಮತ್ತೆ ಮತ್ತೆ ಕೇಳಿದೆ. ಎಲ್ಲಿ ಉಸಿರು ತೆಗೆದುಕೊಳ್ಳುತ್ತಾಳೆ ಅನ್ನುವುದು ಹಾಗೇ ಕಿವಿಗೆ ಹತ್ತಿತು.

ಶುರುವಿಗೆ 'ಗುನಾಹ್' ಓದುತ್ತೇನೆ. ಗುನಾಹ್ ಅಂದರೆ ಪಾಪ. 1954ರಲ್ಲಿ ಟೆಹರಾನಿನ ಪತ್ರಿಕೆಯೊಂದರಲ್ಲಿ ಇದು ಬಂದಾಗ ಅವಳಿಗೆ ಇಪ್ಪತ್ತು ತುಂಬಿರಲಿಲ್ಲ. ಮದುವೆಯಾಗಿತ್ತು, ಪುಟ್ಟ ಮಗನಿದ್ದ. ಪಾಪ ಮಾಡಿದೆ, ಸುಖ ತುಂಬಿದ ಪಾಪ ಮಾಡಿದೆ ಅಂತ ಹೆಣ್ಣೊಬ್ಬಳು ತನ್ನ ಬಾಯಲ್ಲೇ ಹೇಳುವ ಕವಿತೆ. ದೊಡ್ಡ ಗದ್ದಲ ಎದ್ದಿತು. ಹಳೆಯ ಫಾರ್ಸಿ ಕವಿ ಹಾಫಿಜ್‌ನಲ್ಲಿ ನಲ್ಲ ಅಂದರೆ ಮನುಷ್ಯನೋ ದೇವರೋ ಅನ್ನುವ ಅನುಮಾನ ಸದಾ ಉಳಿಯುತ್ತದೆ, ಓದುವವರು ಅದರ ಮರೆಯಲ್ಲಿ ನೆಮ್ಮದಿಯಾಗಿರಬಹುದು. ಫರೂಗ್ ಆ ಮರೆ ಇಡುವುದಿಲ್ಲ. ಇಲ್ಲಿರುವುದು ತೋಳು ಇರುವ ಗಂಡಸು.

ನಮ್ಮ ಸಭೆಗಳಲ್ಲಿ ಯಾರಾದರೂ ತಕ್ಷಣ ಅಕ್ಕಮಹಾದೇವಿಯ ಹೆಸರು ತೆಗೆಯುತ್ತಾರೆ. ಇಬ್ಬರ ಧೈರ್ಯವೂ ದೊಡ್ಡದು, ಒಪ್ಪುತ್ತೇನೆ. ಆದರೆ ಅಕ್ಕನ ನಲ್ಲ ಚೆನ್ನಮಲ್ಲಿಕಾರ್ಜುನ. ಫರೂಗ್ ಕವಿತೆಯಲ್ಲಿ ದೇವರು ಬರುವುದು ಕೊನೆಯಲ್ಲಿ, ಅದೂ ಸಾಕ್ಷಿಯಾಗಿ. ಆ ಕತ್ತಲ ಏಕಾಂತದಲ್ಲಿ ಏನು ಮಾಡಿದೆನೋ ನನಗೇನು ಗೊತ್ತು ದೇವರೇ ಅನ್ನುತ್ತಾಳೆ. ಈ ಜಾಗದಲ್ಲಿ ದನಿ ತಾನಾಗೇ ಗೋಗರೆಯುವ ಕಡೆಗೆ ಜಾರುತ್ತದೆ. ಆದರೆ ಕವಿತೆಯಲ್ಲಿ ಎಲ್ಲೂ ಕ್ಷಮೆ ಕೇಳಿಲ್ಲ ಅಲ್ವಾ? ಹಾಗಾಗಿ ಮೊದಲ ಸಾಲಿನ ದನಿಯಲ್ಲೇ ಅದನ್ನೂ ಓದುತ್ತೇನೆ. ಒಂದು ಸಲ ಮುಂದಿನ ಸಾಲಿನಲ್ಲಿ ತಾಯಿ ಮಗಳು ಅಕ್ಕಪಕ್ಕ ಕೂತಿದ್ದರು. ಸುಖ ಅನ್ನುವ ಮಾತನ್ನು ಸ್ವಲ್ಪ ತೇಲಿಸಿಬಿಡೋಣ ಅನ್ನಿಸಿತು. ತೇಲಿಸಲಿಲ್ಲ. ಮುಗಿದ ಮೇಲೆ ಬಂದು ಕವಿತೆಯ ಪ್ರತಿ ಕೇಳಿದವರು ಆ ತಾಯಿ.

ಅವಳ ಬದುಕಿನ ಕತೆ ಮೊದಲೇ ಹೇಳುವುದಿಲ್ಲ. 1955ರಲ್ಲಿ ವಿಚ್ಛೇದನ, ಮಗ ಕೈ ತಪ್ಪಿದ್ದು, 1967ರ ಫೆಬ್ರವರಿಯಲ್ಲಿ ಕಾರು ಅಪಘಾತ, 32ನೇ ವಯಸ್ಸಿಗೆ ಸಾವು. ಇದನ್ನು ಮುಂಚೆ ಹೇಳಿದರೆ ಜನ ಅಯ್ಯೋ ಪಾಪ ಅನ್ನುತ್ತಾ ಕೇಳುತ್ತಾರೆ. ಅವಳ ಕವಿತೆಗೆ ಕನಿಕರ ಬೇಕಿಲ್ಲ.

ನನಗೆ ತುಂಬಾ ಇಷ್ಟದ್ದು 1964ರ ಸಂಕಲನ 'ತವಲ್ಲೊದಿ ದೀಗರ್', ಅಂದರೆ ಇನ್ನೊಂದು ಹುಟ್ಟು. 'ಗುನಾಹ್' ನಾಲ್ಕು ನಾಲ್ಕು ಸಾಲಿನ ಪ್ರಾಸಬದ್ಧ ಪದ್ಯ. ಇಲ್ಲಿಗೆ ಬರುವ ಹೊತ್ತಿಗೆ ಫಾರ್ಸಿಯಲ್ಲಿ ಹೊಸಗವಿತೆ ಶುರು ಮಾಡಿದ ಕವಿ ನೀಮಾ ಯೂಶಿಜ್ ತೋರಿಸಿದ ದಾರಿಯಲ್ಲಿ ಸಾಲುಗಳು ಉದ್ದ ಗಿಡ್ಡ ಆಗಿವೆ, ಮಾತಿನ ಲಯ ಬಂದಿದೆ. ಇದೇ ಹೆಸರಿನ ಕವಿತೆಯಲ್ಲಿ ತನ್ನ ಕೈಗಳನ್ನು ಅಂಗಳದ ತೋಟದಲ್ಲಿ ನೆಡುತ್ತೇನೆ, ಚಿಗುರುತ್ತೇನೆ ಅನ್ನುತ್ತಾಳೆ. ಬೆನ್ನಿಗೇ 'ಮೀದಾನಮ್, ಮೀದಾನಮ್, ಮೀದಾನಮ್'. ನನಗೆ ಗೊತ್ತು, ಮೂರು ಸಲ. ಆಮೇಲೆ ಮಸಿ ಹತ್ತಿದ ಬೆರಳುಗಳ ಸಂದಿಯಲ್ಲಿ ಹಕ್ಕಿಗಳು ಮೊಟ್ಟೆ ಇಡುತ್ತವೆ. ಆ ಮಸಿ ನೋಡಿ. ಪ್ರೇಮ ಕವಿತೆಯೊಳಗೆ ನೆಟ್ಟಿರುವ ಕೈ ಬರೆಯುವವಳ ಕೈ. ಆ ಮೂರು 'ನನಗೆ ಗೊತ್ತು'ಗಳನ್ನು ಒಂದಕ್ಕಿಂತ ಒಂದು ಜೋರಾಗಿ ಓದಬಾರದು. ಒಂದೇ ಸಮ ಓದಿದರೆ ನಂಬಿಕೆ ಬರುತ್ತದೆ, ಏರಿಸಿದರೆ ಹಟ ಅನ್ನಿಸುತ್ತದೆ.

ಅದೇ ಸಂಕಲನದಲ್ಲಿ 'ಅಯ್ ಮರ್ಜೆ ಪೊರ್ ಗೊಹರ್' ಇದೆ. ಹೆಸರು ಇರಾನಿನ ಹೆಸರಾಂತ ದೇಶಭಕ್ತಿ ಗೀತೆಯ ಮೊದಲ ಸಾಲಿನಿಂದ ಬಂದದ್ದು. ಮುತ್ತು ರತ್ನ ತುಂಬಿದ ನಾಡೇ ಅಂತ. ಕವಿತೆಯಲ್ಲಿ ಅವಳು ಗೆದ್ದೆ ಅನ್ನುತ್ತಾಳೆ. ಏನು ಗೆದ್ದಳು? ಗುರುತಿನ ಚೀಟಿಯಲ್ಲಿ ಹೆಸರು ನೋಂದಾಯಿಸಿಕೊಂಡಳು. 678, ವಿಭಾಗ 5, ವಾಸ ಟೆಹರಾನ್. ಮನುಷ್ಯಳೊಬ್ಬಳು ಒಂದು ನಂಬರ್ ಆದಳು, ಅಷ್ಟೇ. ಜನ ನಗುತ್ತಾರೆ, ನಗಬೇಕು ಕೂಡ. ಆದರೆ ನಾಡಿನ ಮೇಲೆ ಪ್ರೀತಿ ಇಲ್ಲದವರು ಇಷ್ಟು ಸಿಟ್ಟಾಗುವುದಿಲ್ಲ.

ಇದರ ಬೆನ್ನಿಗೆ ಇರಾನಿನದೇ ಇನ್ನೊಬ್ಬ ಕವಯಿತ್ರಿ ಸೀಮೀನ್ ಬೆಹ್ಬಹಾನಿ ಅವರ 'ದೊಬಾರೆ ಮೀಸಾಜಮತ್ ವತನ್' ಓದುತ್ತೇನೆ. ನಿನ್ನನ್ನು ಮತ್ತೆ ಕಟ್ಟುತ್ತೇನೆ ನನ್ನ ನಾಡೇ, ನನ್ನ ಜೀವವನ್ನೇ ಇಟ್ಟಿಗೆ ಮಾಡಿಯಾದರೂ ಸರಿ ಅಂತ. ನಲ್ಲನಿಗೆ ಹೇಳುವ ಸಲಿಗೆಯಲ್ಲಿ ನಾಡಿಗೆ ಹೇಳಿದ ಮಾತು. ಫರೂಗ್ ಹಳೆಯ ಛಂದಸ್ಸನ್ನು ಬಿಟ್ಟು ಹೊರಬಂದಳು. ಸೀಮೀನ್ ಗಜಲ್‌ನ ಒಳಗೇ ಉಳಿದು, ಅಪರೂಪದ ಛಂದಸ್ಸುಗಳನ್ನು ಹುಡುಕಿ, ಬೀದಿಯ ಮಾತು, ಕತೆ, ಸಂಭಾಷಣೆ ಎಲ್ಲ ಅದರೊಳಗೆ ತಂದರು. 1979ರ ಇಸ್ಲಾಮಿಕ್ ಕ್ರಾಂತಿಯ ನಂತರವೂ ಟೆಹರಾನ್ ಬಿಡಲಿಲ್ಲ. 2010ರ ಮಾರ್ಚ್‌ನಲ್ಲಿ ಮಹಿಳಾ ದಿನಕ್ಕೆಂದು ಪ್ಯಾರಿಸ್‌ಗೆ ಹೊರಟಾಗ ವಿಮಾನ ನಿಲ್ದಾಣದಲ್ಲಿ ತಡೆದು ಪಾಸ್‌ಪೋರ್ಟ್ ಕಿತ್ತುಕೊಂಡರು. ಆಗ ಅವರಿಗೆ 82. ಯಾರ ಬಂಡಾಯ ದೊಡ್ಡದು ಅಂತ ಕೇಳುವವರಿದ್ದಾರೆ. ನನ್ನ ಮಟ್ಟಿಗೆ ಸೀಮೀನ್ ಅವರದು ಹೆಚ್ಚು ಕಷ್ಟದ್ದು, ಓದುವುದಕ್ಕೂ ಕಷ್ಟ. ಛಂದಸ್ಸು ತಪ್ಪಿದರೆ ಸಾಲು ಬಿದ್ದುಹೋಗುತ್ತದೆ.

ಈಗ ಅಫ್ಘಾನಿಸ್ತಾನದ ಹೆರಾತ್‌ನ ನಾದಿಯಾ ಅಂಜುಮನ್ ಅವರ ಗಜಲ್‌ಗಳನ್ನು ಕೈಗೆತ್ತಿಕೊಂಡಿದ್ದೇನೆ. ತಾಲಿಬಾನ್‌ನ ಮೊದಲ ಆಳ್ವಿಕೆಯ ಕಾಲದಲ್ಲಿ ಹೊಲಿಗೆ ಕಲಿಯುವ ನೆಪದಲ್ಲಿ ಸೇರಿ ಗುಟ್ಟಾಗಿ ಸಾಹಿತ್ಯ ಓದಿದ ಹೆಣ್ಣುಮಕ್ಕಳಲ್ಲಿ ಅವಳೂ ಒಬ್ಬಳು. 2005ರಲ್ಲಿ, 24ರ ಹರೆಯದಲ್ಲಿ ತೀರಿಕೊಂಡಳು. ರಾಯಚೂರು, ಕಲಬುರಗಿ ಕಡೆಯ ಕೇಳುಗರಿಗೆ ಕಾಫಿಯಾ (ಗಜಲ್‌ನ ಪ್ರಾಸ), ರದೀಫ್ (ಪ್ರಾಸದ ಬೆನ್ನಿಗೆ ಮತ್ತೆ ಮತ್ತೆ ಬರುವ ಅದೇ ಮಾತು) ವಿವರಿಸಬೇಕಾಗಿಲ್ಲ, ಕನ್ನಡ ಗಜಲ್ ಕೇಳಿ ಪಳಗಿದವರು. ಅವರ ಮುಂದೆ ಓದುವಾಗ ರದೀಫ್ ಬಿಟ್ಟುಕೊಡುವ ಹಾಗಿಲ್ಲ. ಸದ್ಯ ಒಂದು ಗಜಲ್‌ಗೆ ಕನ್ನಡದಲ್ಲಿ ರದೀಫ್ ಕೂತಿದೆ, ಎರಡನೆಯದು ಇನ್ನೂ ಕೂರುತ್ತಿಲ್ಲ.