ಚಿಂಗೋಲೊ ಹಾಡಿನ ಬಾಲ ಹಿಡಿದು

ಕೆಲಸದ ಮೇಲೆ ಎರಡು ವರ್ಷ ಬ್ಯೂನಸ್ ಐರಿಸ್‌ನಲ್ಲಿದ್ದೆ. ಬೆಳಿಗ್ಗೆ ಬಾಲ್ಕನಿ ಎದುರು ಒಂದು ಹಕ್ಕಿ ಸಿಳ್ಳೆ ಹಾಕುತ್ತಿತ್ತು. ನಮ್ಮ ಗುಬ್ಬಚ್ಚಿಯಷ್ಟೇ ಇದೆ. ಬೂದು ತಲೆ, ಕಪ್ಪು ಪಟ್ಟೆ, ಮೇಲೊಂದು ಮೋಟು ಜುಟ್ಟು. ಕತ್ತಿನ ಹಿಂದೆ ಇಟ್ಟಿಗೆ ಬಣ್ಣದ ಪಟ್ಟಿ. ಅಲ್ಲಿ ಇದಕ್ಕೆ ಚಿಂಗೋಲೊ ಅಂತಾರೆ, ಬ್ರೆಜಿಲ್‌ನಲ್ಲಿ ಟಿಕೊ-ಟಿಕೊ. ವೈಜ್ಞಾನಿಕ ಹೆಸರಲ್ಲಿರುವ 'ಕಪೆನ್ಸಿಸ್' ಅಂದರೆ ಆಫ್ರಿಕಾದ ಕೇಪ್‌ನದು! 1776ರಲ್ಲಿ ಹೆಸರಿಟ್ಟವರ ತಪ್ಪು, ಹಾಗೇ ಉಳಿದಿದೆ.

ಹಾಡು ಚಿಕ್ಕದು. ಮೊದಲು ಎರಡು-ಮೂರು ಎಳೆದ ಸಿಳ್ಳೆ, ಕೊನೆಗೆ ಒಂದೇ ಸ್ವರ ಪಟಪಟ ಉದುರುವ ಟ್ರಿಲ್. ಈ ಟ್ರಿಲ್ ಜಾಗದಿಂದ ಜಾಗಕ್ಕೆ ಬದಲಾಗುತ್ತದೆ ಅಂತ ಹಕ್ಕಿಗಳ ಹಾಡಿನ ಸಂಶೋಧಕ ಫರ್ನಾಂಡೊ ನೊಟ್ಟೆಬೊಮ್ 1969ರಲ್ಲೇ ಬರೆದಿದ್ದರು. ಧಾರವಾಡದವರು ಬಾಯಿ ಬಿಟ್ಟ ತಕ್ಷಣ ನಮಗೆ ಗೊತ್ತಾಗುತ್ತದಲ್ವಾ, ಹಾಗೆ. ನಾನೂ ಕೇಳಿ ನೋಡೋಣ ಅಂತ ಹೊರಟೆ.

ಮೊದಲ ತಿಂಗಳು ದಂಡ. ಫೋನು ತಾನೇ ಜಾಣತನ ತೋರಿಸಿ, ಗದ್ದಲ ಅಂದುಕೊಂಡು ಟ್ರಿಲ್ಲನ್ನೇ ಅಳಿಸುತ್ತಿತ್ತು. ಆ ಸೆಟ್ಟಿಂಗ್ ತೆಗೆದು, ವೇವ್ ಫೈಲ್‌ನಲ್ಲಿ ರೆಕಾರ್ಡ್ ಮಾಡಿದೆ. ಗಾಳಿಗೆ ಮೈಕಿನ ಮೇಲೆ ಒಂದು ಕಾಲುಚೀಲ ತೊಡಿಸಿದೆ. ನಗಬೇಡಿ, ಕೆಲಸ ಮಾಡಿತು. ಅಕ್ಟೋಬರ್ ಅಂದರೆ ಅಲ್ಲಿ ವಸಂತ, ನಸುಕಿನಲ್ಲಿ ಹಾಡು ಜಾಸ್ತಿ.

ಮನೆಗೆ ಬಂದು ಆಡಾಸಿಟಿ ಅನ್ನುವ ಆಡಿಯೊ ಸಾಫ್ಟ್‌ವೇರ್‌ನಲ್ಲಿ ಸ್ಪೆಕ್ಟ್ರೋಗ್ರಾಮ್, ಅಂದರೆ ಸದ್ದಿನ ಚಿತ್ರ, ತೆರೆದೆ. ಸಿಳ್ಳೆ ಬಾಗಿದ ಗೆರೆಯಾಗಿ ಕಾಣುತ್ತದೆ. ಟ್ರಿಲ್ ಥೇಟ್ ಬಾಚಣಿಗೆ. ಹಲ್ಲಿಗೂ ಹಲ್ಲಿಗೂ ನಡುವಿನ ಅಂತರ ಅಳೆಯುವುದೇ ನನ್ನ ಕೆಲಸವಾಯಿತು. ಬಯಲು ಹುಲ್ಲುಗಾವಲಿನ ಹಕ್ಕಿಗಳದ್ದು ಒತ್ತೊತ್ತಾದ ಹಲ್ಲು. ಬ್ಯೂನಸ್ ಐರಿಸ್ ಪ್ರಾಂತ್ಯದ ಪುಂಟಾ ಇಂಡಿಯೊ ಕಡೆ, ತಾಲಾ ಅನ್ನುವ ಅಲ್ಲಿನ ಮರಗಳ (ನಮ್ಮ ತಾಳೆಯಲ್ಲ) ಕಾಡಿನಲ್ಲಿ ಹಲ್ಲು ಬಿಡಿಬಿಡಿ. ಮರಕ್ಕೆ ಬಡಿದ ಸದ್ದು ವಾಪಸ್ ಬರುತ್ತದೆ, ಅವಸರದ ಟ್ರಿಲ್ ಅಲ್ಲಿ ಕಲಸಿಹೋಗುತ್ತದೆ ಅನ್ನುವುದು ಇದಕ್ಕೆ ಕೊಡುವ ಕಾರಣ. ಒಮ್ಮೆ ಚಿತ್ರ ನೋಡಿದ ಮೇಲೆ ಬರೀ ಕಿವಿಗೂ ವ್ಯತ್ಯಾಸ ಸಿಗತೊಡಗಿತು.

ನನಗೆ ನಿದ್ದೆ ಕೆಡಿಸಿದ್ದು ಇನ್ನೊಂದು ವಿಷಯ. ಕಾಡು ಕಡಿದು ಹೊಲ ಮಾಡಿದ ಕಡೆಗಳಲ್ಲೂ ಚಿಂಗೋಲೊಗಳು ಹಳೆಯ ಕಾಡಿನ ಧಾಟಿಯಲ್ಲೇ ಹಾಡುವುದನ್ನು ಆಮೇಲಿನ ಸಂಶೋಧಕರು ಅರ್ಜೆಂಟೀನಾದಲ್ಲೇ ಕಂಡಿದ್ದಾರೆ. ಮರಿಗಳು ಸುತ್ತಲಿನ ದೊಡ್ಡ ಹಕ್ಕಿಗಳನ್ನು ಕೇಳಿ ಕಲಿಯುತ್ತವೆ. ಮರ ಹೋದರೂ ಅಲ್ಲಿ ಮೇಷ್ಟ್ರು ಇದ್ದರು.

ಒಂದು ತಪ್ಪನ್ನೂ ಮಾಡಿದೆ. ಕಾಡಿನ ರೆಕಾರ್ಡಿಂಗನ್ನು ಬಯಲಿನ ಗಂಡಿಗೆ ಸುಮ್ನೆ ಕೇಳಿಸಿದೆ. ಅದು ಜುಟ್ಟು ನಿಮಿರಿಸಿ ಅರ್ಧ ಗಂಟೆ ನನ್ನ ಸುತ್ತಲೇ ಹಾರಾಡಿತು. ಫೋನ್ ಒಳಗಿಟ್ಟು ದೂರ ಹೋಗಿ ಕೂತೆ. ಆಗ ಹೆಣ್ಣು ಒಂದು ಹುಲ್ಲಿನ ಬುಡಕ್ಕೆ ನುಸುಳಿತು. ಅದು ಎದ್ದು ಹೋದಾಗ ಹತ್ತಿರ ಹೋಗಿ ಬಗ್ಗಿ ನೋಡಿದೆ. ಬಟ್ಟಲಿನಂಥ ಗೂಡು, ಕಂದು ಚುಕ್ಕೆಯ ತಿಳಿ ಹಸಿರುನೀಲಿ ಮೊಟ್ಟೆ ಎರಡು. ಪಕ್ಕದಲ್ಲಿ ಅವಕ್ಕಿಂತ ದಪ್ಪಗೆ, ದುಂಡಗೆ ಇನ್ನೊಂದು. ಅದು ತೋರ್ದೊ ಹಕ್ಕಿಯದು. ನಮ್ಮ ಕೋಗಿಲೆಯ ಹಾಗೆ ಬೇರೆಯವರ ಗೂಡಲ್ಲಿ ಮೊಟ್ಟೆ ಇಟ್ಟು ಹೋಗುವ ಜಾತಿ. ಎತ್ತಿ ಎಸೆಯೋಣ ಅನ್ನಿಸಿತು, ಎಸೆಯಲಿಲ್ಲ. ಚಿಂಗೋಲೊ ಎಷ್ಟು ತುತ್ತು ತಿನ್ನಿಸಿ ಸಾಕಿದರೂ ಆ ಮರಿ ಮಾತ್ರ ಚಿಂಗೋಲೊ ಹಾಡು ಕಲಿಯುವುದಿಲ್ಲ.